ಅಡ್ವಾನ್ಸ್ಡ್ ನೆಟ್‌ವರ್ಕ್ಸ್ ಕೋರ್ಸ್ ತಗೊಂಡೆ, ಪೇಪರ್ ತಲೆಗೆ ಹತ್ತುತ್ತಿಲ್ಲ. ಬಿಟ್ಟುಬಿಡಲಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್ ಮೊದಲ ವರ್ಷದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಶಿರಾ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದೆ. ಬಿ.ಇ.ಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್‌ಗೆ ಒಳ್ಳೆ ಮಾರ್ಕ್ಸ್ ಬಂದಿತ್ತು. ಅದೇ ಧೈರ್ಯದಲ್ಲಿ ಅಡ್ವಾನ್ಸ್ಡ್ ಕೋರ್ಸ್ ತಗೊಂಡೆ. ಇಲ್ಲಿ ಒಂದು ಪುಸ್ತಕ ಅಂತಲೇ ಇಲ್ಲ. ವಾರಕ್ಕೆರಡು ಸಂಶೋಧನಾ ಪೇಪರ್ ಕೊಡುತ್ತಾರೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲನೇ ಪುಟ ಮರೆತುಹೋಗಿರುತ್ತದೆ. ಗಣಿತ ನೋಡಿದರೆ ಭಯ. ಸೆಮಿಸ್ಟರ್ ಕೊನೆಗೆ ಪ್ರಾಜೆಕ್ಟ್ ಬೇರೆ. 'ಇದನ್ನು ಬಿಟ್ಟು ಸಿಸಿಎನ್‌ಎ (ಸಿಸ್ಕೊ ಕಂಪನಿಯ ಸರ್ಟಿಫಿಕೇಟ್ ಪರೀಕ್ಷೆ) ಮಾಡ್ಕೋ, ಕೆಲಸಕ್ಕೆ ಅದೇ ಸಾಕು' ಅಂತ ಗೆಳತಿಯರು ಹೇಳುತ್ತಾರೆ. ಕೋರ್ಸ್ ಬಿಡಲಾ? ಬಿಡದಿದ್ದರೆ ಹೇಗೆ ಓದಲಿ, ಎಷ್ಟು ಗಣಿತ ಬೇಕು, ಪ್ರಾಜೆಕ್ಟ್‌ಗೆ ಏನು ಮಾಡಲಿ?

ಉತ್ತರ: ಬಿಡಬೇಡಿ. ನಿಮ್ಮ ಪತ್ರದಲ್ಲಿ ಇರುವ ತೊಂದರೆ ಈ ಕೋರ್ಸ್ ತಗೊಂಡ ಬಹುಪಾಲು ಮಕ್ಕಳಿಗೆ ಮೊದಲ ಎರಡು ತಿಂಗಳು ಇದ್ದೇ ಇರುತ್ತದೆ. ಬಿ.ಇ.ಯಲ್ಲಿ ಓದಿದ ರೀತಿಯಲ್ಲೇ ಇದನ್ನೂ ಓದಲು ಹೋಗುತ್ತೀರಿ, ಅದು ಇಲ್ಲಿ ನಡೆಯುವುದಿಲ್ಲ. ರೀತಿ ಬದಲಾಯಿಸಿದರೆ ಇದೇ ಕೋರ್ಸ್ ನಿಮಗೆ ಇಷ್ಟ ಆಗುತ್ತದೆ ಅಂತ ನಾನು ನಂಬಿದ್ದೇನೆ.

ವ್ಯತ್ಯಾಸ ಎಲ್ಲಿದೆ ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. 'ಟಿಸಿಪಿ ಹೆಡರ್‌ನ ಚಿತ್ರ ಬರೆದು ವಿವರಿಸಿ' ಅನ್ನುವುದು ಬಿ.ಇ. ಪ್ರಶ್ನೆ. ಟಿಸಿಪಿ ಅಂದರೆ ಡೇಟಾ ಕಳೆಯದೆ, ಕ್ರಮವಾಗಿ ತಲುಪುವ ಹಾಗೆ ನೋಡಿಕೊಳ್ಳುವ ನಿಯಮಾವಳಿ; ಹೆಡರ್ ಅಂದರೆ ಪ್ರತಿ ಪ್ಯಾಕೆಟ್‌ನ, ಅಂದರೆ ಡೇಟಾ ತುಂಡಿನ, ತಲೆಗೆ ಅಂಟಿಸುವ ಚೀಟಿ. ಚಿತ್ರ ಬರೆದು, ಬಿಟ್ ಎಣಿಸಿ, ಪೂರ್ತಿ ಮಾರ್ಕ್ಸ್ ತಗೊಳ್ಳಬಹುದು. ಆ ಚಿತ್ರದಲ್ಲಿ ವಿಂಡೋ ಅನ್ನುವ ಜಾಗಕ್ಕೆ 16 ಬಿಟ್ ಇದೆ, ಅಲ್ವಾ? ಈಗ ಲೆಕ್ಕ ಹಾಕಿ. 16 ಬಿಟ್‌ನಲ್ಲಿ ಹೆಚ್ಚೆಂದರೆ 65,535 ಬೈಟ್ ಬರೆಯಬಹುದು. ಅಷ್ಟು ಕಳಿಸಿದ ಮೇಲೆ 'ತಲುಪಿತು' ಅನ್ನುವ ಉತ್ತರ ಬರುವವರೆಗೆ ಸುಮ್ನೆ ಕಾಯಬೇಕು. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿಬರಲು 200 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಐದೇ ಸಲ ಕಳಿಸಬಹುದು. ಒಟ್ಟು ಸುಮಾರು 2.6 ಎಂಬಿಪಿಎಸ್. ಮನೆಗೆ 300 ಎಂಬಿಪಿಎಸ್ ಫೈಬರ್ ಎಳೆಸಿದ್ದರೂ ಒಂದು ಡೌನ್‌ಲೋಡ್‌ಗೆ ಸಿಗುವುದು ಅಷ್ಟೇ. ಇದನ್ನು ಸರಿಮಾಡಲು ಬಂದದ್ದೇ ವಿಂಡೋ ಸ್ಕೇಲಿಂಗ್, ಅಂದರೆ ಆ ಸಂಖ್ಯೆಯನ್ನು ಗುಣಿಸಿ ದೊಡ್ಡದು ಮಾಡುವ ಉಪಾಯ. 1992ರ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 1323ರಲ್ಲಿ ಅದರ ವಿವರ ಇದೆ. ಈ ಲೆಕ್ಕವನ್ನು ಒಮ್ಮೆ ನೀವೇ ಮಾಡಿದರೆ ವಿಂಡೋ ಸ್ಕೇಲಿಂಗ್ ಯಾಕೆ ಬೇಕು ಅಂತ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಅಡ್ವಾನ್ಸ್ಡ್ ಕೋರ್ಸ್ ಪೂರ್ತಿ ಹೀಗೇ ಇರುತ್ತದೆ. ಏನೋ ಒಂದು ಕೆಟ್ಟಿತು, ಯಾಕೆ ಕೆಟ್ಟಿತು ಅಂತ ಅಳೆದರು, ಸರಿಮಾಡಿದರು, ಸರಿಮಾಡಿದ್ದರಿಂದ ಇನ್ನೊಂದು ಕೆಟ್ಟಿತು.

ಪಠ್ಯಕ್ರಮ ನೋಡಿದರೆ ಹೆಸರುಗಳ ಸಂತೆ. ಒಳಗೆ ಇರುವುದು ನಾಲ್ಕು ಹಳೇ ಜಗಳ. ಇರುವ ಲಿಂಕನ್ನು ಎಲ್ಲರೂ ಹಂಚಿಕೊಳ್ಳುವುದು ಹೇಗೆ? ದಾರಿ ಗೊತ್ತುಮಾಡುವುದು ಯಾರು? ಬುದ್ಧಿಯನ್ನು ತುದಿಯ ಕಂಪ್ಯೂಟರ್‌ನಲ್ಲಿ ಇಡಬೇಕಾ, ನಡುವಿನ ರೂಟರ್‌ನಲ್ಲಿ ಇಡಬೇಕಾ? ಪಕ್ಕದ ನೆಟ್‌ವರ್ಕ್ ಹೇಳಿದ್ದನ್ನು ನಂಬಬೇಕಾ? ಕೈಗೆ ಬಂದ ಪ್ರತಿ ಪೇಪರ್ ಮೇಲೂ ಇದು ಯಾವ ಜಗಳದ್ದು ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂದ ಕ್ವಿಕ್ ಅನ್ನುವ, ಟಿಸಿಪಿಯ ಕೆಲಸವನ್ನೇ ಮಾಡುವ ಹೊಸ ನಿಯಮಾವಳಿ ತಗೊಳ್ಳಿ. ಅದು ಟಿಸಿಪಿ ಬಿಟ್ಟು ಯುಡಿಪಿ (ತಲುಪಿತಾ ಅಂತ ನೋಡದೆ ಕಳಿಸುವ ಸರಳ ವಿಧಾನ) ಮೇಲೆ ಯಾಕೆ ಕೂತಿತು? ನಡುವೆ ಇರುವ ಫೈರ್‌ವಾಲ್ ಥರದ ಪೆಟ್ಟಿಗೆಗಳು ಟಿಸಿಪಿ ಹೆಡರ್ ಓದುತ್ತವೆ, ಹೊಸದೇನಾದರೂ ಕಂಡರೆ ಪ್ಯಾಕೆಟ್ ಬಿಸಾಡುತ್ತವೆ. ಅವುಗಳ ಕಣ್ಣಿಗೆ ಬೀಳದ ಹಾಗೆ ಬಹುಪಾಲು ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ಕಳಿಸಿದರು. ಹಾಗಾಗಿ ಅದು ಮೂರನೇ ಜಗಳದ್ದು. 1984ರಲ್ಲಿ ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಬರೆದ, ಬುದ್ಧಿ ತುದಿಯಲ್ಲಿರಲಿ ಅನ್ನುವ ಎಂಡ್-ಟು-ಎಂಡ್ ವಾದದಿಂದ, ನಡುವಿನ ಸ್ವಿಚ್‌ಗಳನ್ನು ಹೊರಗಿನ ಸಾಫ್ಟ್‌ವೇರ್‌ನಿಂದ ನಡೆಸುವ 2008ರ ಓಪನ್‌ಫ್ಲೋವರೆಗೆ ಅದೇ ಜಗಳ ನಡೆದಿದೆ.

ಮೊದಲ ಜಗಳವನ್ನು ಚೆನ್ನಾಗಿ ಕಲಿತರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ. ಅಲ್ಲಿಂದಲೇ ಶುರುಮಾಡಿ.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಡೇಟಾ ಹೋಗುವ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವೆ ದೂರ 400 ಗಜ. ಕೇಬಲ್ ಕಡಿದಿರಲಿಲ್ಲ, ಯಾವ ಯಂತ್ರವೂ ಕೆಟ್ಟಿರಲಿಲ್ಲ. ಲಿಂಕ್ ತುಂಬಿದಾಗ ಪ್ಯಾಕೆಟ್ ತಡವಾಯಿತು. ತಡವಾದದ್ದನ್ನು ಕಳೆದುಹೋಯಿತು ಅಂದುಕೊಂಡು ಕಂಪ್ಯೂಟರ್‌ಗಳು ಮತ್ತೆ ಕಳಿಸಿದವು. ಅದರಿಂದ ಲಿಂಕ್ ಇನ್ನೂ ತುಂಬಿತು. ಹೋಗುತ್ತಿದ್ದದ್ದೆಲ್ಲ ಬರೀ ನಕಲು. ವ್ಯಾನ್ ಜೇಕಬ್‌ಸನ್ ಇದನ್ನು ಬಿಡಿಸಿ 1988ರಲ್ಲಿ ಬರೆದ ಪೇಪರ್ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನಮ್ಮ ದೇಶದಲ್ಲಿ ಅರ್ನೆಟ್ (ಶಿಕ್ಷಣ, ಸಂಶೋಧನಾ ಸಂಸ್ಥೆಗಳ ನೆಟ್‌ವರ್ಕ್) ಶುರುವಾದದ್ದೂ 1986ರಲ್ಲೇ. ಐದು ಐಐಟಿಗಳ ಜೊತೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು.

ಕಂಜೆಷನ್ (ದಟ್ಟಣೆ) ಅಂದ ತಕ್ಷಣ ಬೆಂಗಳೂರಿನಲ್ಲಿ ಎಲ್ಲರೂ ಸಿಲ್ಕ್ ಬೋರ್ಡ್ ಜಂಕ್ಷನ್ ಉದಾಹರಣೆ ಕೊಡುತ್ತಾರೆ. ನಿಮಗೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ ಅನ್ನುತ್ತೇನೆ. ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟೇ ಜಾಮ್ ಆದರೂ ಯಾವ ಗಾಡಿಯೂ ಮಾಯ ಆಗುವುದಿಲ್ಲ. ಮನೆಯಲ್ಲಿ ಕಾಯುತ್ತಿರುವವರು ಇನ್ನೂ ಬರಲಿಲ್ಲ ಅಂತ ಅದೇ ಮನುಷ್ಯನನ್ನು ಇನ್ನೊಂದು ಗಾಡಿಯಲ್ಲಿ ಮತ್ತೆ ಕಳಿಸುವುದೂ ಇಲ್ಲ. ನೆಟ್‌ವರ್ಕ್‌ನಲ್ಲಿ ಈ ಎರಡೂ ಆಗುತ್ತವೆ: ಕ್ಯೂ, ಅಂದರೆ ಕಾಯುವ ಸಾಲು, ತುಂಬಿದರೆ ರೂಟರ್ ಪ್ಯಾಕೆಟ್ ಬಿಸಾಡುತ್ತದೆ, ಕಳಿಸಿದವರು ಅದನ್ನೇ ಮತ್ತೆ ಕಳಿಸುತ್ತಾರೆ. 1986ರ ಕುಸಿತಕ್ಕೆ ಇವೇ ಕಾರಣ.

ಪೇಪರ್ ತೆಗೆಯುವ ಮೊದಲು ಈ ಕುಸಿತದ ಚಿಕ್ಕ ತಮ್ಮನನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನೋಡಿ. ಉಬುಂಟು (ಉಚಿತ ಲಿನಕ್ಸ್) ಇದ್ದರೆ ಸಾಕು, ದುಡ್ಡು ಖರ್ಚಿಲ್ಲ. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್ ಬಳಸಿ ಒಂದೇ ಯಂತ್ರದೊಳಗೆ ಮೂರು ಪುಟ್ಟ ಯಂತ್ರ ಮಾಡಿಕೊಳ್ಳಿ. ಒಂದು ಕಳಿಸುವುದು, ಒಂದು ಪಡೆಯುವುದು, ನಡುವಿನದ್ದು ರೂಟರ್. ಪಡೆಯುವವನ ಕಡೆಗಿನ ರೂಟರ್ ಪೋರ್ಟನ್ನು 'ಟಿಸಿ' ಆದೇಶದಿಂದ 10 ಎಂಬಿಪಿಎಸ್‌ಗೆ ಕಟ್ಟಿ. ಅಲ್ಲಿ 1000 ಪ್ಯಾಕೆಟ್ ಹಿಡಿಯುವ ಸಾದಾ ಕ್ಯೂ ಇಡಿ. ವಾಪಸ್ ಬರುವ ದಾರಿಯಲ್ಲಿ, ಅಂದರೆ ರೂಟರ್‌ನ ಇನ್ನೊಂದು ಪೋರ್ಟ್‌ನಲ್ಲಿ, 'ನೆಟ್‌ಎಮ್' ಹಾಕಿ 20 ಮಿಲಿಸೆಕೆಂಡ್ ತಡ ಸೇರಿಸಿ. ಒಂದು ಕಿಟಕಿಯಲ್ಲಿ ಪಿಂಗ್ (ಹೋಗಿಬರುವ ಹೊತ್ತನ್ನು ಮಿಲಿಸೆಕೆಂಡ್‌ನಲ್ಲಿ ಅಳೆಯುವ ಆದೇಶ) ಓಡುತ್ತಿರಲಿ. 20, 20, 20 ಅಂತ ಬರುತ್ತದೆ. ಇನ್ನೊಂದು ಕಿಟಕಿಯಲ್ಲಿ ಐಪರ್ಫ್ ಶುರುಮಾಡಿ ಡೇಟಾ ತುಂಬಿಸಿ. ಪಿಂಗ್ ನೋಡುತ್ತಿರಿ. ನೂರು, ಇನ್ನೂರು, ಐನೂರು ಅಂತ ಏರುತ್ತದೆ. ಸಾವಿರ ದಾಟಿದರೂ ಆಶ್ಚರ್ಯವಿಲ್ಲ. ಯಾಕೆ? 1500 ಬೈಟ್‌ನ 1000 ಪ್ಯಾಕೆಟ್ ಅಂದರೆ 1.2 ಕೋಟಿ ಬಿಟ್. 10 ಎಂಬಿಪಿಎಸ್ ಲಿಂಕ್‌ನಲ್ಲಿ ಅದು ಖಾಲಿ ಆಗಲು 1.2 ಸೆಕೆಂಡ್ ಬೇಕು. ನಿಮ್ಮ ಪಾಪದ ಪಿಂಗ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ.

ಈಗ ಆ ಸಾದಾ ಕ್ಯೂ ತೆಗೆದು, ಸಾಲು ಉದ್ದವಾಗದ ಹಾಗೆ ನೋಡಿಕೊಳ್ಳುವ 'ಎಫ್‌ಕ್ಯೂ-ಕೋಡೆಲ್' ಹಾಕಿ. ಐಪರ್ಫ್ ಹಾಗೇ ಓಡುತ್ತಿರಲಿ. ಪಿಂಗ್ ಮತ್ತೆ 20ರ ಆಸುಪಾಸಿಗೆ ಇಳಿಯುತ್ತದೆ, ಐಪರ್ಫ್ ವೇಗ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ವೇಗ ಕಳೆದುಕೊಳ್ಳದೆ ಕಾಯುವ ಹೊತ್ತು ಐವತ್ತು ಪಟ್ಟು ಕಡಿಮೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಬಫರ್‌ಬ್ಲೋಟ್ ಬಗ್ಗೆ, ಅಂದರೆ ಬಫರ್ (ಕ್ಯೂ) ಅತಿ ದೊಡ್ಡದಾಗಿ ತಡ ಹೆಚ್ಚುವ ಈ ತೊಂದರೆ ಬಗ್ಗೆ, ಓದಿ. ಕ್ಯಾಥಿ ನಿಕೋಲ್ಸ್ ಮತ್ತು ಜೇಕಬ್‌ಸನ್ 2012ರಲ್ಲಿ ಬರೆದ ಕೋಡೆಲ್ ಪೇಪರ್ ಓದಿ. ಆಗ ಆ ಪೇಪರ್ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ. ಮೂರನೇ ಪುಟಕ್ಕೆ ಬಂದಾಗ ಮೊದಲನೆಯದು ಮರೆಯುವುದಿಲ್ಲ.

ಈ ಪ್ರಯೋಗದಲ್ಲಿ ಕಾಲು ಜಾರುವ ಎರಡು ಕಡೆ ಇವೆ. ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿದರೆ ಕೆಲವು ಪ್ಯಾಕೆಟ್ 1500 ಬೈಟ್‌ಗಿಂತ ಎಷ್ಟೋ ದೊಡ್ಡದಾಗಿ, 60 ಸಾವಿರದ ಹತ್ತಿರ ಕಾಣಬಹುದು. ಲಿನಕ್ಸ್ ದೊಡ್ಡ ತುಂಡನ್ನು ಹಾಗೇ ಇಟ್ಟುಕೊಂಡು, ಕತ್ತರಿಸುವ ಕೆಲಸವನ್ನು ಕೊನೇ ಗಳಿಗೆಗೆ ಬಿಡುತ್ತದೆ. ಇದಕ್ಕೆ ಆಫ್‌ಲೋಡ್ ಅನ್ನುತ್ತಾರೆ. ಕ್ಯೂನಲ್ಲಿ 1000 ಪ್ಯಾಕೆಟ್ ಅಂತ ನೀವು ಲೆಕ್ಕ ಹಾಕಿದ್ದು ಆಗ ಪೂರ್ತಿ ತಲೆಕೆಳಗಾಗುತ್ತದೆ. 'ಈಥ್‌ಟೂಲ್' ಬಳಸಿ ಮೊದಲೇ ಅದನ್ನು ಆಫ್ ಮಾಡಿ. ಇನ್ನೊಂದು, ನೆಟ್‌ಎಮ್ ತಾನಾಗಿ ಹಿಡಿಯುವುದು 1000 ಪ್ಯಾಕೆಟ್ ಮಾತ್ರ. 100 ಮಿಲಿಸೆಕೆಂಡ್ ತಡ ಹಾಕಿ ಡೇಟಾ ಓಡಿಸಿದರೆ 120 ಎಂಬಿಪಿಎಸ್ ದಾಟಿದ ಕೂಡಲೇ ನೆಟ್‌ಎಮ್ ಪ್ಯಾಕೆಟ್ ಬಿಸಾಡತೊಡಗುತ್ತದೆ. ನೀವು ಟಿಸಿಪಿಯನ್ನು ಬೈಯುತ್ತಾ ಕೂತಿರುತ್ತೀರಿ. ಲಿಮಿಟ್ ಹೆಚ್ಚಿಸಿ. ಹೀಗೆ ಸಿಕ್ಕ ಪ್ರತಿ ಸಂಖ್ಯೆಯನ್ನೂ 'ಇದು ಎಷ್ಟು ಬರಬೇಕಿತ್ತು' ಅಂತ ಕೈಲೆಕ್ಕದ ಜೊತೆ ಹೋಲಿಸುವ ಅಭ್ಯಾಸ ಮಾಡಿಕೊಳ್ಳಿ. ಈ ಕೋರ್ಸ್‌ನಲ್ಲಿ ಕಲಿಯುವ ಎಲ್ಲಕ್ಕಿಂತ ಅದು ಜಾಸ್ತಿ ಕಾಲ ಉಪಯೋಗಕ್ಕೆ ಬರುತ್ತದೆ.

ಹಂಚಿಕೆ ವಿಷಯಕ್ಕೆ ಬರೋಣ. ಟಿಸಿಪಿ ಸ್ವಲ್ಪ ಸ್ವಲ್ಪವೇ ಕೂಡುತ್ತಾ ಹೋಗಿ, ಪ್ಯಾಕೆಟ್ ಕಳೆದಾಗ ಅರ್ಧಕ್ಕೆ ಇಳಿಯುತ್ತದೆ ಅಂತ ಬಿ.ಇ.ಯಲ್ಲಿ ಓದಿರುತ್ತೀರಿ. ಯಾಕೆ ಕೂಡಿಸುವುದು, ಯಾಕೆ ಭಾಗಿಸುವುದು? ಇಳಿಯುವಾಗ ಅರ್ಧ ಮಾಡುವ ಹಾಗೆ ಏರುವಾಗಲೂ ಗುಣಿಸಬಹುದಿತ್ತಲ್ಲ? 1989ರಲ್ಲಿ ದಾ-ಮಿಂಗ್ ಚಿಯು ಮತ್ತು ರಾಜ್ ಜೈನ್ ಇದಕ್ಕೆ ಉತ್ತರ ಕೊಟ್ಟರು. ಅವರ ಪೇಪರ್‌ನ ಗಣಿತ ನೋಡಿ ಹೆದರುವ ಮೊದಲು ಒಂದು ಹಾಳೆ ತಗೊಳ್ಳಿ.

ಲಿಂಕ್ ಹಿಡಿಸುವುದು 10. ಇಬ್ಬರು ಬಳಸುತ್ತಿದ್ದಾರೆ. ಒಬ್ಬರಿಗೆ 8, ಇನ್ನೊಬ್ಬರಿಗೆ 2. ಅನ್ಯಾಯ ಕಣ್ಣಿಗೆ ಕಾಣುತ್ತಿದೆ, ವ್ಯತ್ಯಾಸ 6. ಲಿಂಕ್ ತುಂಬಿತು, ಇಬ್ಬರೂ ಅರ್ಧಕ್ಕೆ ಇಳಿದರು: 4 ಮತ್ತು 1, ವ್ಯತ್ಯಾಸ 3. ಈಗ ಇಬ್ಬರೂ ಒಂದೊಂದೇ ಕೂಡುತ್ತಾರೆ: 5 ಮತ್ತು 2, 6 ಮತ್ತು 3, 7 ಮತ್ತು 4. ಮೊತ್ತ 11 ಆಯಿತು, ಲಿಂಕ್ ಮೀರಿತು. ಮತ್ತೆ ಅರ್ಧ: 3.5 ಮತ್ತು 2, ವ್ಯತ್ಯಾಸ 1.5. ಮತ್ತೆ ಕೂಡಿ: 4.5 ಮತ್ತು 3, 5.5 ಮತ್ತು 4, 6.5 ಮತ್ತು 5. ಮತ್ತೆ ಅರ್ಧ: 3.25 ಮತ್ತು 2.5. ವ್ಯತ್ಯಾಸ 0.75ಕ್ಕೆ ಬಂತು. ಕೂಡುವಾಗ ವ್ಯತ್ಯಾಸ ಬದಲಾಗುವುದಿಲ್ಲ, ಅರ್ಧ ಮಾಡುವಾಗ ವ್ಯತ್ಯಾಸವೂ ಅರ್ಧವಾಗುತ್ತದೆ. ಸುತ್ತು ಸುತ್ತಿಗೂ ಇಬ್ಬರೂ ಸಮಕ್ಕೆ ಹತ್ತಿರ ಬರುತ್ತಾರೆ. ಏರುವಾಗಲೂ ಗುಣಿಸಿದ್ದರೆ? 8 ಮತ್ತು 2 ಅರ್ಧವಾದರೆ 4 ಮತ್ತು 1, ಎರಡರಿಂದ ಗುಣಿಸಿದರೆ ಮತ್ತೆ 8 ಮತ್ತು 2. ಒಬ್ಬರು ಸದಾ ಇನ್ನೊಬ್ಬರ ನಾಲ್ಕು ಪಟ್ಟು ತಿನ್ನುತ್ತಲೇ ಇರುತ್ತಾರೆ.

ಒಬ್ಬರಿಗೊಬ್ಬರು ಮಾತಾಡದೆ, ಮೇಲೆ ಯಾವ ಯಜಮಾನನೂ ಇಲ್ಲದೆ, ಲಕ್ಷಾಂತರ ಕಂಪ್ಯೂಟರ್ ಹೀಗೆ ಹಂಚಿಕೊಳ್ಳುತ್ತವೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟದ ಫಲಿತಾಂಶ ಇದು. ನಿಮ್ಮ ಪುಟ್ಟ ಪ್ರಯೋಗಶಾಲೆಯಲ್ಲೇ ಇದನ್ನೂ ನೋಡಬಹುದು. ಟಿಸಿಪಿಯನ್ನು ಹೀಗೆ ಕೂಡಿ ಅರ್ಧ ಮಾಡುವ ಹಳೇ ವಿಧಾನ 'ರೆನೋ'ಗೆ ಬದಲಾಯಿಸಿ, ಕ್ಯೂ ಗಾತ್ರವನ್ನು 50 ಪ್ಯಾಕೆಟ್‌ಗೆ ಇಳಿಸಿ, 'ಎಸ್‌ಎಸ್' ಆದೇಶದಿಂದ ಕಂಜೆಷನ್ ವಿಂಡೋ (ಉತ್ತರಕ್ಕೆ ಕಾಯದೆ ಎಷ್ಟು ಕಳಿಸಬಹುದು ಅಂತ ಟಿಸಿಪಿ ಇಟ್ಟುಕೊಂಡ ಲೆಕ್ಕ) ಬರೆದುಕೊಳ್ಳುತ್ತಾ ಗ್ರಾಫ್ ಹಾಕಿ. ಗರಗಸದ ಹಲ್ಲು ಕಾಣುತ್ತದೆ. ಕ್ಯೂ 1000ದಲ್ಲೇ ಬಿಟ್ಟರೆ ಒಂದು ಹಲ್ಲು ಮುಗಿಯಲು ಎಷ್ಟೋ ನಿಮಿಷ ಕಾಯಬೇಕಾಗುತ್ತದೆ. ಯಾಕೆ ಅಂತ ನೀವೇ ಲೆಕ್ಕ ಹಾಕಿ. ಲಿನಕ್ಸ್ ಈಗ ತಾನಾಗಿ ಬಳಸುವುದು ಕ್ಯೂಬಿಕ್ ಅನ್ನುವ ವಿಧಾನ. ಅದರ ಕೋಡ್ ಕೆಲವು ನೂರು ಸಾಲು ಅಷ್ಟೇ, ಕರ್ನಲ್ ಸೋರ್ಸ್‌ನಲ್ಲಿ ಒಂದೇ ಫೈಲ್. ಎಂ.ಟೆಕ್‌ನಲ್ಲಿ ಅದನ್ನು ಓದದೆ ಬಿಡಬೇಡಿ. ಆಮೇಲೆ 2016ರಲ್ಲಿ ಗೂಗಲ್ ತಂದ ಬಿಬಿಆರ್‌ಗೆ ಹೋಗಿ. ಅದು ಪ್ಯಾಕೆಟ್ ಕಳೆಯುವವರೆಗೆ ಕಾಯುವುದಿಲ್ಲ. ಲಿಂಕ್‌ನ ವೇಗ ಎಷ್ಟು, ಖಾಲಿ ಇದ್ದಾಗ ಹೋಗಿಬರಲು ಎಷ್ಟು ಹೊತ್ತು ಅಂತ ತಾನೇ ಅಳೆದುಕೊಂಡು ಅಷ್ಟೇ ಕಳಿಸಲು ನೋಡುತ್ತದೆ. ಕ್ಯೂಬಿಕ್ ಒಂದು, ಬಿಬಿಆರ್ ಒಂದು, ಎರಡನ್ನೂ ಒಂದೇ ಲಿಂಕ್‌ನಲ್ಲಿ ಓಡಿಸಿ ಯಾರು ಯಾರ ಪಾಲು ತಿನ್ನುತ್ತಾರೆ ನೋಡಿ. ಬಫರ್ ಗಾತ್ರ ಬದಲಾಯಿಸಿದರೆ ಗೆಲ್ಲುವವರೂ ಬದಲಾಗುತ್ತಾರೆ.

ಪೇಪರ್ ಓದುವುದಕ್ಕೆ ಎಸ್. ಕೇಶವ್ 2007ರಲ್ಲಿ ಬರೆದ ಒಂದು ಪುಟ್ಟ ಬರಹ ಇದೆ. ಅವರು ಐಐಟಿ ದೆಹಲಿಯಲ್ಲಿ ಓದಿದವರು, ನೆಟ್‌ವರ್ಕಿಂಗ್‌ನಲ್ಲಿ ದೊಡ್ಡ ಹೆಸರು. ಮೂರು ಸುತ್ತಿನಲ್ಲಿ ಓದಿ ಅನ್ನುತ್ತಾರೆ. ಮೊದಲ ಸುತ್ತು ಐದು, ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಮುನ್ನುಡಿ, ಉಪಶೀರ್ಷಿಕೆಗಳು, ಮುಕ್ತಾಯ. ಎರಡನೆಯದು ಒಂದು ಗಂಟೆವರೆಗೆ: ಚಿತ್ರ, ಗ್ರಾಫ್ ನೋಡುತ್ತಾ, ಪ್ರೂಫ್‌ಗಳ ಗಣಿತ ಬಿಟ್ಟು ಓದುವುದು. ಮೂರನೆಯದರಲ್ಲಿ ಆ ಕೆಲಸವನ್ನು ನೀವೇ ಮನಸ್ಸಿನಲ್ಲಿ ಮತ್ತೆ ಮಾಡಿ ನೋಡುವುದು. ಹೊಸಬರಿಗೆ ಅದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ. ನೀವು ಎಲ್ಲ ಪೇಪರ್‌ಗೂ ಮೊದಲ ಸಾಲಿನಿಂದ ಮೂರನೇ ಸುತ್ತು ಮಾಡಲು ಹೋಗುತ್ತಿದ್ದೀರಿ ಅಂತ ನನ್ನ ಊಹೆ. ವಾರದ ಎರಡರಲ್ಲಿ ಒಂದಕ್ಕೆ ಎರಡು ಸುತ್ತು ಸಾಕು.

ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಓದಿ ಮುಗಿಸಿದ ಮೇಲೆ ಕನ್ನಡದಲ್ಲಿ ಐದಾರು ಸಾಲು ಬರೆಯಿರಿ. ಏನು ಕೆಟ್ಟಿತ್ತು, ಇವರು ಏನು ಮಾಡಿದರು, ಯಾವುದರ ಜೊತೆ ಹೋಲಿಸಿದರು, ಯಾವ ಸ್ಥಿತಿಯಲ್ಲಿ ಇದು ಕೆಲಸ ಮಾಡುವುದಿಲ್ಲ. ಪ್ಯಾಕೆಟ್, ಕ್ಯೂ, ರೂಟರ್ ಎಲ್ಲ ಹಾಗೇ ಇರಲಿ, ಕ್ರಿಯಾಪದ ಕನ್ನಡದಲ್ಲಿ ಬರಲಿ. ಇಂಗ್ಲಿಷ್‌ನಲ್ಲಿ ಬರೆದರೆ ಲೇಖಕರ ವಾಕ್ಯವನ್ನೇ ಅರ್ಥವಾಗದೆ ಎತ್ತಿ ಬರೆಯಬಹುದು. ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಆಗಲೇಬೇಕು. ಕನ್ನಡ ಮೀಡಿಯಂನಲ್ಲಿ ಓದಿದ್ದು ಈ ಒಂದು ವಿಷಯಕ್ಕೆ ನಿಮ್ಮ ಕೈಯಲ್ಲಿರುವ ಒಳ್ಳೇ ಸಾಧನ. ಪೇಪರ್‌ಗೆ ದುಡ್ಡು ಕೊಡಬೇಕಾದ್ದಿಲ್ಲ. ಎನ್‌ಎಸ್‌ಡಿಐ ಸಮ್ಮೇಳನದ ಪೇಪರ್‌ಗಳು, ಆರ್‌ಎಫ್‌ಸಿಗಳು ಎಲ್ಲರಿಗೂ ಉಚಿತ. ಸ್ಟ್ಯಾನ್‌ಫರ್ಡ್‌ನ ಸಿಎಸ್144 ಕೋರ್ಸ್‌ನ ಲ್ಯಾಬ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಅದರಲ್ಲಿ ಸಿ++ ಬಳಸಿ ಟಿಸಿಪಿಯನ್ನು ನೀವೇ ಬರೆಯಬೇಕು. ರಜೆಯಲ್ಲಿ ಮಾಡಿ.

ಗಣಿತ ನೀವು ಹೆದರಿದಷ್ಟು ಬೇಡ. ಸಂಭವನೀಯತೆ ಚೆನ್ನಾಗಿ ಗೊತ್ತಿರಬೇಕು. ಅದರ ಮೇಲೆ ಕ್ಯೂ ಸಿದ್ಧಾಂತದ ಮೊದಲ ಪಾಠ, ಎಂ/ಎಂ/1, ಅಂದರೆ ಒಂದೇ ಕೌಂಟರ್ ಮುಂದಿನ ಸಾಲಿನ ಮಾದರಿ. ಒಂದೇ ಸೂತ್ರ ನೆನಪಿಡಿ: ಲಿಂಕ್ ಎಷ್ಟು ಭಾಗ ತುಂಬಿದೆಯೋ ಅದನ್ನು ಒಂದರಲ್ಲಿ ಕಳೆಯಿರಿ, ಒಂದು ಪ್ಯಾಕೆಟ್ ಕಳಿಸುವ ಹೊತ್ತನ್ನು ಅದರಿಂದ ಭಾಗಿಸಿ. ಒಂದು ಪ್ಯಾಕೆಟ್ ಸರಾಸರಿ ಅಲ್ಲಿ ಕಳೆಯುವ ಹೊತ್ತು ಸಿಗುತ್ತದೆ. 10 ಎಂಬಿಪಿಎಸ್‌ನಲ್ಲಿ 1500 ಬೈಟ್ ಹೋಗಲು 1.2 ಮಿಲಿಸೆಕೆಂಡ್. ಲಿಂಕ್ ಅರ್ಧ ತುಂಬಿದ್ದರೆ 2.4 ಮಿಲಿಸೆಕೆಂಡ್, 90 ಪರ್ಸೆಂಟ್ ತುಂಬಿದ್ದರೆ 12, 99 ಪರ್ಸೆಂಟ್ ಆದರೆ 120. ಕೊನೆಯ ಒಂಬತ್ತು ಪರ್ಸೆಂಟ್‌ಗೆ ಕಾಯುವುದು ಹತ್ತು ಪಟ್ಟಾಯಿತು. 'ಲಿಂಕ್ ಪೂರ್ತಿ ಬಳಕೆಯಾಗಲಿ' ಅನ್ನುವ ಮ್ಯಾನೇಜರ್‌ಗಳಿಗೆಲ್ಲ ಈ ಲೆಕ್ಕ ತೋರಿಸಬೇಕು. ನಿಜವಾದ ಟ್ರಾಫಿಕ್ ಈ ಮಾದರಿಯಷ್ಟು ಸಾಧು ಅಲ್ಲ, ಗುಂಪು ಗುಂಪಾಗಿ ಬರುತ್ತದೆ, ಹಾಗಾಗಿ ಸ್ಥಿತಿ ಇನ್ನೂ ಕೆಟ್ಟದಾಗಿರುತ್ತದೆ.

ಇನ್ನೊಂದು ಸೂತ್ರ 1997ರದ್ದು, ಮ್ಯಾಥಿಸ್ ಮತ್ತು ಸಂಗಡಿಗರದ್ದು. ರೆನೋ ಥರದ ಟಿಸಿಪಿಯ ವೇಗ, ಕಳೆದುಹೋಗುವ ಪ್ಯಾಕೆಟ್‌ಗಳ ಪ್ರಮಾಣದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ ಅನ್ನುತ್ತದೆ. ಹೋಗಿಬರಲು 40 ಮಿಲಿಸೆಕೆಂಡ್ ಇರುವ ದಾರಿಯಲ್ಲಿ ಹತ್ತು ಸಾವಿರಕ್ಕೊಂದು ಪ್ಯಾಕೆಟ್ ಕಳೆದರೆ ಸುಮಾರು 35 ಎಂಬಿಪಿಎಸ್ ಸಿಗುತ್ತದೆ. ನೂರಕ್ಕೊಂದು ಕಳೆದರೆ ಮೂರೂವರೆ ಮಾತ್ರ. ಇವೆರಡು, ಜೊತೆಗೆ ಲಿಟಲ್‌ನ ನಿಯಮ (ಸಾಲಿನ ಉದ್ದ, ಬರುವ ವೇಗ, ಕಳೆಯುವ ಹೊತ್ತು ಇವುಗಳ ಸಂಬಂಧ), ಗ್ರಾಫ್ ಅಲ್ಗಾರಿದಮ್ ಇದ್ದರೆ ಕೋರ್ಸ್ ದಾಟುತ್ತೀರಿ. ಸಂಶೋಧನೆಗೆ ಹೋಗುವ ಮನಸ್ಸಾದರೆ ಆಪ್ಟಿಮೈಸೇಷನ್ ಬೇಕಾಗುತ್ತದೆ, ಅದು ಆಮೇಲಿನ ಮಾತು. ಇದೇ ಊರಿನಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಅನುರಾಗ್ ಕುಮಾರ್ ನೆಟ್‌ವರ್ಕ್‌ಗಳ ಗಣಿತದ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರು 2014ರಿಂದ 2020ರವರೆಗೆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು.

ರೂಟಿಂಗ್‌ಗೆ ಒಂದೇ ಘಟನೆ ಕೊಡುತ್ತೇನೆ, ಅದನ್ನು ಬಿಡಿಸಿದರೆ ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಸಾರುವ ನಿಯಮಾವಳಿ) ಅರ್ಧ ಬಂದ ಹಾಗೆ. 2008ರ ಫೆಬ್ರವರಿ 24ರಂದು ಯೂಟ್ಯೂಬ್ ಪ್ರಪಂಚದ ಬಹುಭಾಗದಲ್ಲಿ ಎರಡು ಗಂಟೆ ಹೊತ್ತು ನಿಂತುಹೋಯಿತು. ಪಾಕಿಸ್ತಾನದ ಸರ್ಕಾರ ಯೂಟ್ಯೂಬ್ ತಡೆಯಲು ಹೇಳಿತ್ತು. ಯೂಟ್ಯೂಬ್ ಪ್ರಪಂಚಕ್ಕೆ ಸಾರುತ್ತಿದ್ದ ವಿಳಾಸ 208.65.152.0/22. ಪಾಕಿಸ್ತಾನ ಟೆಲಿಕಾಂ ಅದರೊಳಗಿನ 208.65.153.0/24 ತನ್ನ ಬಳಿ ಇದೆ ಅಂತ ಸಾರಿತು. ಅದು ದೇಶದೊಳಗೆ ಉಳಿಯಬೇಕಿತ್ತು. ಹೊರಗಿನ ಪಿಸಿಸಿಡಬ್ಲ್ಯು ಕಂಪನಿ ಪರೀಕ್ಷೆ ಮಾಡದೆ ಅದನ್ನು ಎಲ್ಲರಿಗೂ ಹಂಚಿತು. ರೂಟರ್‌ಗಳು ಯಾವಾಗಲೂ ಹೆಚ್ಚು ನಿಖರವಾದ ವಿಳಾಸವನ್ನೇ ಆರಿಸುತ್ತವೆ, ಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟು ವಿಳಾಸಗಳ ಗುಂಪು ಚಿಕ್ಕದು, ಹಾಗಾಗಿ 22ಕ್ಕಿಂತ 24 ಹೆಚ್ಚು ನಿಖರ. ಟ್ರಾಫಿಕ್ ಎಲ್ಲ ಅತ್ತ ತಿರುಗಿತು. ಯೂಟ್ಯೂಬ್ ಮೊದಲು ತಾನೂ ಅದೇ /24 ಸಾರಿತು, ಸ್ವಲ್ಪ ಹೊತ್ತಿನ ಮೇಲೆ ಎರಡು /25 ಸಾರಿತು. ಯಾಕೆ ಮೊದಲನೆಯದು ಸಾಲಲಿಲ್ಲ? /25 ಯಾಕೆ ಕೆಲವು ಕಡೆ ಕೆಲಸ ಮಾಡದೇ ಇರಬಹುದು? ಆರ್‌ಪಿಕೆಐ (ವಿಳಾಸ ಸಾರುವ ಹಕ್ಕು ಯಾರದ್ದು ಅಂತ ಡಿಜಿಟಲ್ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ) ಇದ್ದಿದ್ದರೆ ಇದು ಎಲ್ಲಿ ನಿಲ್ಲುತ್ತಿತ್ತು? ಯುರೋಪಿನ ಕಡೆ ಐಪಿ ವಿಳಾಸ ಹಂಚುವ ರೈಪ್ ಸಂಸ್ಥೆ ಈ ಘಟನೆಯನ್ನು ನಿಮಿಷ ನಿಮಿಷವಾಗಿ ಬಿಡಿಸಿಟ್ಟಿದೆ, ಅದರ ಬಿಜಿಪಿ ದಾಖಲೆಗಳೂ ಉಚಿತ. ಈ ಮೂರು ಪ್ರಶ್ನೆಗೆ ನಿಮ್ಮ ಮಾತಿನಲ್ಲಿ ಉತ್ತರ ಬರೆದರೆ ಬಿಜಿಪಿ ಪರೀಕ್ಷೆಗೆ ಬೇರೆ ತಯಾರಿ ಬೇಡ.

ಸಿಸಿಎನ್‌ಎ ಬಗ್ಗೆ. ಅದು ಒಳ್ಳೇ ಪರೀಕ್ಷೆ, ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಬೇಕಾಗುತ್ತದೆ. ಸ್ವಿಚ್ ಹೇಗೆ ಹೊಂದಿಸಬೇಕು ಅಂತ ಕಲಿಸುತ್ತದೆ. ಸ್ವಿಚ್ಚನ್ನೇ ಕಟ್ಟುವ ಕೆಲಸ ಬೇರೆ, ಅದು ಈ ಊರಿನಲ್ಲಿ ಇದೆ. ಸಿಸ್ಕೊ, ಅರಿಸ್ಟಾ, ನೋಕಿಯಾ ಎಲ್ಲರ ಎಂಜಿನಿಯರಿಂಗ್ ತಂಡಗಳೂ ಬೆಂಗಳೂರಿನಲ್ಲಿವೆ. ಕ್ಲೌಡ್ ಕಂಪನಿಗಳ ತಂಡಗಳೂ ಇವೆ. ಅಲ್ಲಿನ ಇಂಟರ್‌ವ್ಯೂನಲ್ಲಿ 'ಈ ಫ್ಲೋ ಯಾಕೆ ನಿಧಾನ, ಹೇಗೆ ಪತ್ತೆಮಾಡುತ್ತೀರಿ' ಅನ್ನುವ ಥರದ ಪ್ರಶ್ನೆಗೆ ಸಿದ್ಧವಾಗಿರಬೇಕು. ನಿಮ್ಮ ಮುಂದೆ ಈಗ ಇರುವ ಕೋರ್ಸ್ ಅದಕ್ಕೇ ತಯಾರಿ. ಸಿಸಿಎನ್‌ಎ ಬೇಕೆನಿಸಿದರೆ ಆಮೇಲೂ ಮಾಡಬಹುದು, ಈ ಕೋರ್ಸ್ ಮುಗಿಸಿದವರಿಗೆ ಅದು ಸುಲಭ. ಹಾಗೆಯೇ, ಕಾಮ್ಸ್‌ನೆಟ್ಸ್ ಅನ್ನುವ ಅಂತಾರಾಷ್ಟ್ರೀಯ ನೆಟ್‌ವರ್ಕಿಂಗ್ ಸಮ್ಮೇಳನ 2009ರಿಂದ ಜನವರಿ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯುತ್ತ ಬಂದಿದೆ. ಬೇರೆ ಊರಿನವರು ರೈಲು ಹತ್ತಿ ಬರುತ್ತಾರೆ. ನಿಮಗೆ ಬಸ್ ಸಾಕು. ಪೋಸ್ಟರ್‌ಗಳ ಮುಂದೆ ನಿಂತು ಬರೆದವರನ್ನೇ ಪ್ರಶ್ನೆ ಕೇಳಿ.

ಕೊನೆಗೆ ಪ್ರಾಜೆಕ್ಟ್. 'ಎಐ ಬಳಸಿ ಏನೋ ಒಂದು' ಅಂತ ಹೋಗಬೇಡಿ. ಈ ಊರಿನದ್ದೇ ಒಂದು ಪ್ರಶ್ನೆ ಕೊಡುತ್ತೇನೆ. ವಿಜಯನಗರದ ಒಂದು ಮನೆಯಲ್ಲಿ ಒಂದು ಕಂಪನಿಯ ಫೈಬರ್, ಜಯನಗರದ ಗೆಳತಿಯ ಮನೆಯಲ್ಲಿ ಇನ್ನೊಂದು ಕಂಪನಿಯದ್ದು. ಒಬ್ಬರಿಂದ ಒಬ್ಬರಿಗೆ ಹೋಗುವ ಪ್ಯಾಕೆಟ್ ಬೆಂಗಳೂರಿನೊಳಗೇ ಹೋಗುತ್ತದೆಯೋ, ಮುಂಬೈಗೋ ಚೆನ್ನೈಗೋ ಹೋಗಿ ವಾಪಸ್ ಬರುತ್ತದೆಯೋ? ಹೀಗೆ ಸುತ್ತಬಾರದು ಅಂತಲೇ 2003ರಲ್ಲಿ ನಿಕ್ಸಿ (ಇಂಟರ್‌ನೆಟ್ ಕಂಪನಿಗಳು ಟ್ರಾಫಿಕ್ ಬದಲಾಯಿಸಿಕೊಳ್ಳಲು ಮಾಡಿದ ಸಂಸ್ಥೆ) ಹುಟ್ಟಿತು, ಅದರ ಒಂದು ವಿನಿಮಯ ಕೇಂದ್ರ ಬೆಂಗಳೂರಿನಲ್ಲೂ ಇದೆ. ಆದರೆ ಎರಡು ಕಂಪನಿಗಳು ಎಲ್ಲಿ ಕೈ ಜೋಡಿಸುತ್ತವೆ ಅನ್ನುವುದು ಅವುಗಳ ವ್ಯವಹಾರ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಮುಂಬೈ ನೇರ ಗೆರೆಯಲ್ಲಿ ಸುಮಾರು 840 ಕಿ.ಮೀ. ಅಲ್ಲಿಗೆ ಹೋಗಿಬರಲು ಏನೇ ಮಾಡಿದರೂ 8 ಮಿಲಿಸೆಕೆಂಡ್‌ಗಿಂತ ಕಡಿಮೆ ಆಗುವುದಿಲ್ಲ. ಹಾಗಾಗಿ ಎರಡು ಮನೆಯ ನಡುವೆ 5 ಮಿಲಿಸೆಕೆಂಡ್ ಬಂದರೆ ಮುಂಬೈಗೆ ಹೋಗಿಲ್ಲ ಅಂತ ಖಂಡಿತ ಹೇಳಬಹುದು. 30 ಬಂದರೆ ಹೋಗಿರಬಹುದು, ಖಚಿತವಿಲ್ಲ. ಆ ಖಚಿತ ಮಾಡುವುದರಲ್ಲೇ ಪ್ರಾಜೆಕ್ಟ್ ಇದೆ.

ಮನೆಯ ಐಪಿವಿ4 ವಿಳಾಸ ಸಾಮಾನ್ಯವಾಗಿ ಹಂಚಿಕೊಂಡದ್ದು, ಹೊರಗಿನಿಂದ ಪಿಂಗ್ ಮಾಡಲು ಬರುವುದಿಲ್ಲ. ಎರಡೂ ಕಡೆ ಹೊಸ ಥರದ ವಿಳಾಸ, ಐಪಿವಿ6, ಇದೆಯಾ ಮೊದಲು ನೋಡಿ, ಇದ್ದರೆ ಅದರಲ್ಲೇ ಅಳೆಯಿರಿ. ದಾರಿಯ ರೂಟರ್‌ಗಳನ್ನು ಒಂದೊಂದಾಗಿ ತೋರಿಸುವ ಟ್ರೇಸ್‌ರೂಟ್‌ನಲ್ಲಿ ನಡುವಿನ ಒಂದು ರೂಟರ್ ಮಾತ್ರ ಜಾಸ್ತಿ ಹೊತ್ತು ತೋರಿಸಿ ಮುಂದಿನವು ಕಡಿಮೆ ತೋರಿಸಿದರೆ ಗಾಬರಿ ಬೇಡ. ಆ ರೂಟರ್ ಪ್ಯಾಕೆಟ್ ದಾಟಿಸುವುದಕ್ಕೆ ಮೊದಲ ಗಮನ ಕೊಟ್ಟು ನಿಮ್ಮ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಿದೆ, ಅಷ್ಟೇ. ಹೋಗುವ ದಾರಿಯೇ ಬರುವ ದಾರಿ ಅಂದುಕೊಳ್ಳಬೇಡಿ, ಎರಡೂ ಮನೆಯಿಂದ ಟ್ರೇಸ್‌ರೂಟ್ ಮಾಡಿ. ವೈಫೈ ಬಿಟ್ಟು ಕೇಬಲ್ ಹಾಕಿ. ಬೆಳಿಗ್ಗೆ ಐದು ಗಂಟೆಗೂ ರಾತ್ರಿ ಒಂಬತ್ತಕ್ಕೂ ಅಳೆಯಿರಿ, ಸರಾಸರಿ ಬದಲು ಕನಿಷ್ಠ ಬೆಲೆಯನ್ನು ಮೊದಲು ನೋಡಿ. ದೂರದ ಸುಳಿವು ಕನಿಷ್ಠದಲ್ಲಿದೆ, ಕ್ಯೂನ ಸುಳಿವು ಕನಿಷ್ಠದಿಂದ ಮೇಲಕ್ಕೆ ಎಷ್ಟು ಹೋಯಿತು ಅನ್ನುವುದರಲ್ಲಿದೆ. ಎರಡನೆಯದು ರಾತ್ರಿ ಹೊತ್ತು ಜಾಸ್ತಿ ಕಂಡರೆ ಎಸ್‌ಪಿ ರೋಡಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಲಿನಕ್ಸ್) ಓಡುವ ಹಳೇ ರೂಟರ್ ಒಂದು ಹುಡುಕಿ ತಂದು ಮನೆಯಲ್ಲಿ ಹಾಕಿ ನೋಡಿ. ಅದರಲ್ಲಿ ಎಫ್‌ಕ್ಯೂ-ಕೋಡೆಲ್ ಮೊದಲೇ ಇರುತ್ತದೆ. ನಿಮ್ಮ ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ಅದನ್ನು ಕಟ್ಟಿ, ಇಲ್ಲದಿದ್ದರೆ ಕ್ಯೂ ಕಂಪನಿಯ ಪೆಟ್ಟಿಗೆಯಲ್ಲೇ ಬೆಳೆಯುತ್ತದೆ, ಕೋಡೆಲ್‌ಗೆ ಕೆಲಸವೇ ಸಿಗುವುದಿಲ್ಲ. ಅಳೆಯುವುದೆಲ್ಲ ನಿಮ್ಮ ಮತ್ತು ಒಪ್ಪಿಗೆ ಕೊಟ್ಟ ಗೆಳತಿಯ ಸಂಪರ್ಕದಲ್ಲೇ ಇರಲಿ, ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಬೇರೆಯವರ ಪ್ಯಾಕೆಟ್ ಹಿಡಿಯಲು ಹೋಗಬೇಡಿ. ಒಂದು ವಾರದ ಅಳತೆ ಕೈಯಲ್ಲಿ ಇಟ್ಟುಕೊಂಡು, ಒಂದೇ ಗ್ರಾಫ್ ಪ್ರಿಂಟ್ ತೆಗೆದು, ನಿಮ್ಮ ಮೇಷ್ಟ್ರ ಹತ್ತಿರ ಹೋಗಿ ಪ್ರಾಜೆಕ್ಟ್‌ಗೆ ಒಪ್ಪಿಗೆ ಕೇಳಿ.